ಮುಂಬಾಗಿಲು ತಟ್ಟಿದವರು

…ಇಲ್ಲ ಅಂದ್ನಲ್ಲ, ನಾನು ಮನೇಲಿರ್ಲಿಲ್ಲ! ಎಷ್ಟು ಸಲ ಹೇಳ್ಲಿ ಅಕ್ಕ? ಮಾರ್ಕೆಟ್ಟಿಗೆ ಹೋಗಿದ್ದೆ. ಮಾರ್ಕೆಟ್ಟಿಗೆ! ನಾನು ಒಳಗಿದ್ದು, ಅಮ್ಮ ನನ್ನ ಬಾಗ್ಲಲ್ಲಿ ಬಿದ್ದು ಒದ್ದಾಡ್ತಿದ್ರೆ ಸುಮ್ನೆ ಕೂತಿರ್ತಿದ್ನಾ? ಏನಂದ್ಕೊಂಡಿದೀಯ ನನ್ನ? … ಮೊದ್ಲು ಕೂತ್ಕೋ. ಕೋಟಾದ್ರೂ ಬಿಚ್ಚು. ಬೆಳಿಗ್ಗೆಯಿಂದ ಆಸ್ಪತ್ರೇಲಿ ನಿಂತೂ ನಿಂತೂ ಕಾಲು ಸೋತು ಹೋಗಿರತ್ತೆ. ತಾಳು, ಟೀ ಇಡ್ತೀನಿ.

ಮುಂಗೈ ಮೂಳೆ ಒಂದೇ ತಾನೆ? ಸೊಂಟಕ್ಕೇನೂ ಆಗಿಲ್ವಲ್ಲ? … ಉಸ್ಸಪ್ಪ. ಸದ್ಯ. ನಾನು ಸೊಂಟಾನೇ ಹೋಯ್ತು ಅಂತ ಹೆದರಿದ್ದೆ. ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ… ಬಿಡು, ಆಗಿಲ್ವಲ್ಲ. ಈಗ ನಿನ್ನ ಮನೇಲಿ ಮಲಗಿದಾಳಾ? ಮಲಗ್ಲಿ, ಮಲಗ್ಲಿ. ಎದ್ದ ಮೇಲೆ ನಾನೇ ಬರ್ತೀನಿ. ಕುರಿಮಾಂಸ, ಆಲೂಗಡ್ಡೆ ಹಾಕಿ ಸಾರು ಮಾಡ್ಕೊಂಡು ಬರ್ತೀನಿ. ಬಲಗೈಯಾ, ಎಡಗೈಯಾ? … ಬಲಗೈ. ಅಯ್ಯೋ. ಹೆಣಿಗೆ ಹಾಕೋಕೂ ಆಗಲ್ಲ ಪಾಪ. ಅದೊಂದು ಇಲ್ದಿದ್ರೆ ಹುಚ್ಚು ಹಿಡಿಯತ್ತೆ ಅವಳಿಗೆ.

ನಿಂಗೆ ಸಕ್ಕರೆ ಎರಡು ಚಮಚ ತಾನೆ? … ಹಾಕಲ್ವಾ? ಯಾವಾಗಿಂದ? … ಅಷ್ಟು ವರ್ಷ ಆಯ್ತಾ! ನೋಡಿದ್ಯಾ. ಸ್ವಂತ ಅಕ್ಕ ಟೀಗೆ ಸಕ್ಕರೆ ಹಾಕ್ಕೋತಾಳೋ ಇಲ್ವೋ ಅನ್ನೋದೂ ಗೊತ್ತಿಲ್ಲ ನಂಗೆ. ಗೊತ್ತಿರೋದು ಹೇಗೆ? ಕ್ರಿಸ್‌ಮಸ್ಸಿಗೆ ಒಂದು ಕಾರ್ಡು, ಹುಟ್ಟಿದ ಹಬ್ಬಕ್ಕೆ ಒಂದು ಫೋನು, ರಜ ಸಿಕ್ಕಿದ ವರ್ಷ ನಾಲ್ಕು ದಿನ ಬಂದು ನಿಮ್ಮ ಮನೆ ಸೋಫಾ ಮೇಲೆ ಮಲಗಿ ಎದ್ದು ಹೋಗೋದು. ಇಪ್ಪತ್ತೆರಡು ವರ್ಷ ಅದೇ ಆಯ್ತಲ್ಲ. ಯಾಕೆ ನಗ್ತೀಯ? … ನಗ್ಲಿಲ್ವಾ? ನಕ್ಕ ಹಾಗೆ ಕಾಣಿಸ್ತು. ನಗು ಪರ್ವಾಗಿಲ್ಲ. ಹೀಗೆ ಮುಖ ಗಂಟು ಹಾಕ್ಕೊಂಡು ಕೂರೋದಕ್ಕಿಂತ ವಾಸಿ.

ಏನು ಹುಡುಕ್ತಿದೀಯ? ಚೀಲಾನಾ? … ಏನೂ ತರ್ಲಿಲ್ಲ. ಮೀನು ತರೋಣ ಅಂತ ಹೋದೆ. ಚೆನ್ನಾಗಿರ್ಲಿಲ್ಲ ಮೀನು. ವಾಸನೆ ಬಂದಿತ್ತು. … ಸೋಮವಾರ ಮೀನಿನ ಅಂಗಡಿ ಮುಚ್ಚಿರತ್ತಾ? ಹೌದು ಹೌದು, ಮುಚ್ಚಿತ್ತು, ಅದಕ್ಕೇ ಬರಿಗೈಲಿ ಬಂದೆ! ಅದನ್ನೇ ಹೇಳ್ತಿದೀನಿ. ನಂಗೇನು ಗೊತ್ತು ಇಲ್ಲಿ ಯಾವ ವಾರ ಯಾವ ಅಂಗಡಿ ಮುಚ್ಚತ್ತೆ ಅಂತ! ಹುಟ್ಟಿದೂರೇ ಇರ್ಬಹುದು, ವೇಲ್ಸು, ಲನೆಲ್ಲಿ ಅಂದ್ರೆ ನಂಗೂ ಕರುಳು ಚುರ್ ಅನ್ಬಹುದು, ಆದ್ರೆ ಬಂದು ಆರು ತಿಂಗಳೂ ಆಗಿಲ್ಲ ಕಣಕ್ಕ. ಇನ್ನೂ ಬೆಳಿಗ್ಗೆ ಎದ್ರೆ ಬಚ್ಚಲು ಯಾವ ಕಡೆ ಅಂತ ತಡಕಾಡ್ತೀನಿ.

ಆ ಮೂಲೆ ನೋಡ್ಬೇಡ. ಗೊತ್ತು, ಗೊತ್ತು, ಡಬ್ಬಗಳು ಇನ್ನೂ ಬಿಚ್ಚಿಲ್ಲ. ಅಮ್ಮನೂ ದಿನಾ ಅದೇ ಹೇಳ್ತಾಳೆ. ಬಿಚ್ತೀನಿ. ನಿಂಗೊಂದು ವಿಷ್ಯ ಹೇಳ್ಲಾ, ನಗ್ತೀಯ. ಈ ಮನೆಗೆ ಬಂದ ಮೊದಲ್ನೇ ವಾರ ನಾನು ಒಲೆ ಉಜ್ಜಿದೀನಿ ನೋಡು, ಕೈ ಬೊಬ್ಬೆ ಬರೋ ಹಾಗೆ. ಡೆಲ್ವಿನ್ ಬಾಗ್ಲಲ್ಲಿ ನಿಂತು ನೋಡ್ತಾ ಇದ್ದೋನು ಕೇಳ್ತಾನೆ, ‘ಯಾರೇ ಬರ್ತಾರೆ ನೋಡೋಕೆ?’ ಅಂತ. ಆಗ ಜ್ಞಾಪಕ ಬಂತು. ಯಾರೂ ಬರಲ್ಲ. ಇದು ಸೈನ್ಯದ ಕ್ವಾರ್ಟರ್ಸ್ ಅಲ್ಲ. ಬಿಟ್ಟು ಹೋಗೋ ದಿನ ಯಾವನೋ ಸಾರ್ಜೆಂಟು ಬಂದು ಒಲೆಯೊಳಗೆ ಬೆರಳಾಡಿಸಿ, ಜಿಡ್ಡು ಹತ್ತಿದ್ರೆ ಮೂತಿ ಸೊಟ್ಟ ಮಾಡೋದಿಲ್ಲ ಇಲ್ಲಿ. ನಮ್ದೇ ಮನೆ, ನಮ್ದೇ ಜಿಡ್ಡು. ಆದ್ರೂ ಗೋಡೆಗೆ ಒಂದು ಮೊಳೆ ಹೊಡಿಯೋಕೆ ಇನ್ನೂ ಕೈ ಬರ್ತಿಲ್ಲ ನೋಡು. ಅಪ್ಪನ ಫೋಟೋ ಹಾಗೇ ನೆಲದ ಮೇಲೆ ಗೋಡೆಗೆ ಒರಗಿ ನಿಂತಿದೆ.

ಲೈಬ್ರರೀಲಿ ಏನಾಯ್ತು ಹೇಳಿದ್ನಾ? ಕಾರ್ಡು ಮಾಡ್ಸೋಣ ಅಂತ ಹೋದೆ. ಆ ಹುಡುಗಿ ಹೆಸರು ಕೇಳಿದ್ಲು. ನಾನು ಥಟ್ಟಂತ ಡೆಲ್ವಿನ್ ನಂಬರು ಹೇಳ್ಬಿಟ್ಟೆ! ಸೈನ್ಯದ ನಂಬರು! ಡಾಕ್ಟರ ಹತ್ರ ಹೋದ್ರೂ, ಸ್ಕೂಲಿಗೆ ಹೋದ್ರೂ, ಕೆಟ್ಟ ನಲ್ಲಿ ರಿಪೇರಿಗೆ ಬರೆಸೋಕೆ ಹೋದ್ರೂ ಅಲ್ಲಿ ಅದೇ ಅಲ್ವಾ ಕೇಳೋದು, ಗಂಡನ ನಂಬರು. ನನ್ನ ಹೆಸರು ಯಾರಿಗೆ ಬೇಕಾಗಿತ್ತು. ಆ ಹುಡುಗಿ ಕಕ್ಕಾಬಿಕ್ಕಿ ಆಗಿ, ‘ಇದು ನಿಮ್ಮ ಹೆಸರಾ ಮೇಡಂ?’ ಅಂದ್ಲು. ನಾನೂ ನಕ್ಕೆ. ಹೊರಗೆ ಬಂದು ಬಸ್ ಸ್ಟಾಪಲ್ಲಿ ಕೂತು ಯಾಕೋ ಅಳು ಬಂತು.

ಟೀ ಕುಡಿ ಅಕ್ಕ. ಯಾಕೆ ಹಾಗೇ ಇಟ್ಟಿದೀಯ?

ನೀನು ಏನು ಯೋಚಿಸ್ತಿದೀಯ ಗೊತ್ತು ನಂಗೆ. ಇವಳಿಗೆ ನಾವು ಬೇಡ, ಅದಕ್ಕೇ ಹಿಂಬಾಗಿಲಿಗೆ ಚಿಲಕ ಹಾಕ್ಕೊಂಡು ಕೂರ್ತಾಳೆ, ಅಮ್ಮ ಮುಂಬಾಗಿಲಿಗೆ ಬರೋ ಹಾಗೆ ಮಾಡಿದ್ಲು ಅಂತ. … ಅಂದ್ಕೊಂಡಿಲ್ವಾ? ಚಿಲಕದ ವಿಷ್ಯ ಮೇವಿಸ್ ಚಿಕ್ಕಮ್ಮ ಮೊದ್ಲಿಂದ್ಲೂ ಹಾಗೇ ಅಂದ್ಕೊಂಡಿದಾಳೆ. ಅಂದೂ ಆಡಿದಾಳೆ. ಗೋಡೆಗೆ ಗೋಡೆ ಮನೆ, ಅವಳು ಆ ಕಡೆ ಆಡಿದ್ದು ನಂಗೆ ಈ ಕಡೆ ಕೇಳಿಸಲ್ವಾ? ನಾನು ಇಲ್ಲಿ ಸೀನಿದ್ರೆ ಐದು ನಿಮಿಷಕ್ಕೆ ಅವಳು ಕಷಾಯ ಹಿಡ್ಕೊಂಡು ಅಡುಗೆಮನೇಲಿ ನಿಂತಿರ್ತಾಳೆ. ಅಮ್ಮ? ಅಮ್ಮ ಒಂದಿನ ನಾನಿಲ್ದಾಗ ಬಂದು ಕಪಾಟೆಲ್ಲ ತೆಗೆದು, ಹಿಟ್ಟಿನ ಡಬ್ಬ ಮೇಲಿದ್ದಿದ್ದು ಕೆಳಗೆ, ಕೆಳಗಿದ್ದ ಪಾತ್ರೆ ಮೇಲೆ. ‘ಈಗ ಅಚ್ಚುಕಟ್ಟಾಯ್ತು ನೋಡು’ ಅಂತ. ಎರಡು ದಿನ ಉಪ್ಪು ಸಿಗ್ಲಿಲ್ಲ ನಂಗೆ! ನಿನ್ನ ಮಗಳು ಬರ್ತಾಳೆ, ನನ್ನ ಸ್ವೆಟರ್ ಹಾಕ್ಕೊಂಡು ಹೋಗ್ತಾಳೆ, ಕೇಳೋದೂ ಇಲ್ಲ. … ಅಲ್ಲ, ದೂರು ಹೇಳ್ತಿಲ್ಲ! ಅದು ನಂಗೆ ಇಷ್ಟಾನೇ. ಇಷ್ಟಾನೇ ಕಣೇ ಅಕ್ಕ. ಎಲ್ಲೋ ಜರ್ಮನೀಲಿ, ಎಲ್ಲೋ ಸೈಪ್ರಸ್ಸಲ್ಲಿ ಜ್ವರ ಬಂದು ಮಲಗಿದ್ದಾಗ ಇದನ್ನೇ ಅಲ್ವಾ ನೆನಸ್ಕೊಂಡು ನೆನಸ್ಕೊಂಡು ಕಣ್ಣೀರು ಹಾಕ್ತಿದ್ದೆ. ಚಿಕ್ಕಮ್ಮನ ಕಷಾಯ. ಅಮ್ಮನ ಬೈಗುಳ. ಈಗ ಸಿಕ್ಕಿದೆ, ಈಗ ನೋಡಿದ್ರೆ… ಏನೋ. ಕೂರೋಕಾಗಲ್ಲ ನಿಲ್ಲೋಕಾಗಲ್ಲ. ಯಾವಾಗ್ಲೂ ಯಾರೋ ನೋಡ್ತಾ ಇರೋ ಹಾಗೆ.

ಅಲ್ಲಿ ಹಾಗಿರ್ಲಿಲ್ಲ. ಅಲ್ಲಿ ಯಾರಿಗೂ ನೀನು ಚಿಕ್ಕೋಳಾಗಿದ್ದಾಗ ಹೇಗಿದ್ದೆ ಅಂತ ಗೊತ್ತಿಲ್ಲ. ಎರಡು ವಾರಕ್ಕೆ ಸ್ನೇಹ, ಎರಡು ವರ್ಷಕ್ಕೆ ಟಾಟಾ. ಸುಳ್ಳು ಹೇಳಿದ್ರೂ ಹಿಡಿಯೋರಿಲ್ಲ. ಇಲ್ಲಿ ನೀನು, ಅಮ್ಮ… ನನ್ನ ಮೂಗಿನ ತುದಿ ನೋಡಿ ಹೇಳ್ಬಿಡ್ತೀರಿ. … ಅಲ್ಲ, ಸುಳ್ಳು ಅಂದ್ರೆ ಸುಮ್ನೆ ಮಾತಿಗೆ ಅಂದೆ. ಏನು ಸುಳ್ಳು ಹೇಳೋದಿದೆ ನಂಗೆ?

ಒಂದು ಮಾತು. ಯೆಸ್ಟಿನ್‌ಗೆ ಹೇಳ್ಬೇಡ. ಅಮ್ಮ ಬಿದ್ದ ವಿಷ್ಯ. ಅಜ್ಜಿ ಅಂದ್ರೆ ಪ್ರಾಣ ನನ್ನ ಮಗನಿಗೆ, ಸುಮ್ನೆ ಅಲ್ಲಿ ಕೂತು ಒದ್ದಾಡ್ತಾನೆ. ನಿಂಗೆ ಫೋನ್ ಮಾಡಿದ್ರೆ ಅಂತ ಹೇಳಿದೆ ಅಷ್ಟೆ. ಮಾಡಲ್ಲ ಬಿಡು. ಆ ಎಣ್ಣೆ ಬಾವಿ ಕೆಲ್ಸದಲ್ಲಿ, ನಡು ಸಮುದ್ರದಲ್ಲಿ, ಫೋನೆಲ್ಲಿ ಸಿಗತ್ತೆ? ವಾರಗಟ್ಲೆ ಸಿಗಲ್ಲ. ಆದ್ರೆ ಚೆನ್ನಾಗಿದಾನಂತೆ. ಸ್ಕಾಟ್ಲೆಂಡ್ ಅಂದ್ರೆ ಚಳಿ, ಅದೊಂದು. ಗಾಳಿ ನಿಲ್ಲೋಕೇ ಬಿಡಲ್ವಂತೆ. ಅಮ್ಮ ನೀಲಿ ಸ್ವೆಟರ್ ಹೆಣೀತಿದಾಳಲ್ಲ, ಒಂದು ತೋಳು ಬಾಕಿ ಇದೆ. ಈಗ ಅದೂ ನಿಂತು ಹೋಯ್ತು.

ಯಾಕೆ ಹಾಗೆ ನೋಡ್ತಿದೀಯ? ಮುಖಕ್ಕೇನಾದ್ರೂ ಅಂಟಿದ್ಯಾ?

ಬಿಸ್ಕತ್ತು ತಗೋ. ತಗೋ ಅಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು. ಪಾದ್ರಿಗಳೇ ಫೋನ್ ಮಾಡಿದ್ರಂತಲ್ಲ ನಿಂಗೆ? ಪಾಪ ಅವರೂ ಎಷ್ಟು ಗಾಬರಿಯಾಗಿರ್ಬೇಕು. ಊರಿಗೆ ಬಂದು ಎಷ್ಟು ದಿನ ಆಯ್ತು ಅವರು, ಆಗ್ಲೇ ಒಬ್ಬ ಮುದುಕಿ ಕಣ್ಣೆದುರಿಗೇ ಬಿದ್ರೆ… ಆ ಮೆಟ್ಟಿಲು ಬೇರೆ, ರಾತ್ರಿಯೆಲ್ಲ ಮಂಜು ಕಟ್ಟಿ ಗಾಜು ಆಗಿತ್ತು. ಮಂಜು ಕರಗೋಕೆ ಉಪ್ಪು ಹಾಕೋ ಅಂತ ಡೆಲ್ವಿನ್‌ಗೆ ಹೇಳ್ತಾನೇ ಇದ್ದೆ. ಅಮ್ಮನಿಗೂ ಏನು ಹೇಳೋಣ! ಅಂಥ ಚಳೀಲಿ, ವಾರದ ದಿನ, ಆ ಭಾನುವಾರದ ಕಪ್ಪು ಟೋಪಿ ಕಪ್ಪು ಕೋಟು ಹಾಕ್ಕೊಂಡು ಶೃಂಗಾರ ಮಾಡ್ಕೊಂಡು ಬರ್ಬೇಕಾಗಿತ್ತಾ? ಮಾಮೂಲಿ ರಬ್ಬರ್ ಬೂಟು ಹಾಕ್ಕೊಂಡು ಬಂದಿದ್ರೆ ಜಾರ್ತಿರ್ಲಿಲ್ಲ…

ಏನು?

ನೀನೇ ಹೇಳಿದ್ಯಲ್ಲ. ಟೋಪಿ ವಿಷ್ಯ. … ಹೇಳ್ಲಿಲ್ವಾ? ಫೋನಲ್ಲಿ ಹೇಳಿದ್ಯಪ್ಪ. … ಹಾಗಾದ್ರೆ ಮೇವಿಸ್ ಚಿಕ್ಕಮ್ಮ ಹೇಳಿರ್ಬೇಕು. ಅವಳು ಕಿಟಕೀಲಿ… … ಎಲ್ಲಿಗೆ ಹೋಗಿದಾಳೆ? ಸ್ವಾನ್ಸೀಗಾ? ಯಾವಾಗ? … ಶನಿವಾರಾನೇ ಹೋದ್ಲಾ…

ಓಹ್.

ಅಕ್ಕ, ಹಾಗೆ ನೋಡ್ಬೇಡ. ದಮ್ಮಯ್ಯ ಹಾಗೆ ನೋಡ್ಬೇಡ. … ಹೌದು. ಹೌದು! ಇದ್ದೆ. ಮನೇಲೇ ಇದ್ದೆ. ಬೇಕಾದ್ರೆ ಹೊಡಿ. ಕಪ್ ತಗೊಂಡು ತಲೆ ಮೇಲೆ ಹಾಕು. ಮನೇಲಿದ್ದೆ, ಬಾಗ್ಲು ತಟ್ಟಿದ್ದು ಕೇಳಿಸ್ತು, ತೆಗೀಲಿಲ್ಲ. ಸಾಕಾ? … ಅಮ್ಮ ಅಂತ ಗೊತ್ತಿರ್ಲಿಲ್ಲ! ಗೊತ್ತಿದ್ರೆ ತೆಗೀತಿರ್ಲಿಲ್ವಾ? ಮೊದ್ಲು ಕೇಳು. ಎದ್ದು ಹೋಗ್ಬೇಡ. ಕೇಳು ಸ್ವಲ್ಪ.

ಮೆಟ್ಟಿಲು ಇಳೀತಾ ಇದ್ದೆ, ಬಟ್ಟೆ ಬುಟ್ಟಿ ಹಿಡ್ಕೊಂಡು. ನಮ್ಮ ಮುಂಬಾಗಿಲಿಗೆ ಆ ಮಬ್ಬು ಗಾಜಿದ್ಯಲ್ಲ, ಆಚೆ ಇರೋರು ಮುಖ ಕಾಣಲ್ಲ, ಬರೀ ಆಕಾರ. ನೋಡ್ತೀನಿ, ಇಬ್ರು. ಇಬ್ರೂ ಕಪ್ಪು ಬಟ್ಟೆ. ಒಬ್ರ ತಲೇಲಿ ಟೋಪಿ. ಇನ್ನೊಬ್ರ ಕತ್ತಲ್ಲಿ ಪಾದ್ರಿಗಳ ಬಿಳಿ ಪಟ್ಟಿ. ಮಾತಿಲ್ಲ ಕತೆಯಿಲ್ಲ, ನೆಟ್ಟಗೆ ನಿಂತಿದಾರೆ. ಆಮೇಲೆ ತಟ್ಟಿದ್ರು. ಜೋರಾಗಲ್ಲ. ಮೆಲ್ಲಗೆ. ಅಯ್ಯೋ, ಆ ಮೆಲ್ಲಗೆ ತಟ್ಟೋದಿದ್ಯಲ್ಲ!

ನಿಂಗೆ ಗೊತ್ತಾಗಲ್ಲ ಅಕ್ಕ. ನೀನು ಒಂದಿನಾನೂ ಅಲ್ಲಿ ಇದ್ದೋಳಲ್ಲ. ಪಲ್ಟನ್ ಯುದ್ಧಕ್ಕೆ ಹೋಗಿದ್ದಾಗ ಕ್ವಾರ್ಟರ್ಸಲ್ಲಿ ಯಾವ ಹೆಂಗಸೂ ಇನ್ನೊಬ್ಬಳ ಮುಂಬಾಗಿಲು ತಟ್ಟಲ್ಲ. ತಟ್ಟೋದೇ ಇಲ್ಲ! ಒಂದು ಲೋಟ ಹಾಲು ಬೇಕಾ, ಹಿಂದಿನಿಂದ ಬರ್ಬೇಕು. ಅದೂ ಗೇಟಿಂದ್ಲೇ ಕೂಗ್ತಾ ಬರ್ಬೇಕು, ‘ನಾನೇ, ನಾನೇ ಕಣೇ!’ ಅಂತ. ಅಂಚೆಯೋನಿಗೂ ಗೊತ್ತು, ಪಾರ್ಸೆಲ್ ಇದ್ರೆ ಮೆಟ್ಟಿಲ ಮೇಲಿಟ್ಟು ಹೋಗ್ತಾನೆ. ಮಕ್ಕಳಿಗೂ ಗೊತ್ತು. ಯಾಕಂದ್ರೆ ಮುಂಬಾಗಿಲಿಗೆ ಬರೋರು ಅವರಿಬ್ರೇ. ಒಬ್ಬ ಆಫೀಸರು, ಟೋಪಿ ಹಾಕ್ಕೊಂಡಿರ್ತಾನೆ. ಇನ್ನೊಬ್ರು ಪಾದ್ರಿ. ಅವರು ಬಂದ್ರು ಅಂದ್ರೆ ಮುಗೀತು. ಬಾಯಿ ಬಿಟ್ಟು ಹೇಳೋದೇ ಬೇಡ.

ಒಂದ್ಸಲ ಬಂದಿದ್ರು ನಮ್ಮ ಬೀದಿಗೆ. ಜರ್ಮನೀಲಿದ್ದಾಗ. ಡೆಲ್ವಿನ್ ಇರಾಕಲ್ಲಿದ್ದ. ಬೀದಿ ಆ ತುದೀಲಿ ಕಾರು ನಿಂತಿತು, ಇಬ್ರು ಇಳಿದ್ರು, ನಡ್ಕೊಂಡು ಬಂದ್ರು, ಮನೆ ನಂಬರು ನೋಡ್ಕೊಂಡು. ಒಂದೊಂದು ಕಿಟಕೀಲೂ ಒಬ್ಬೊಬ್ಬಳು ಪರದೆ ಹಿಂದೆ. ನಮ್ಮ ಗೇಟಿನ ಮುಂದೆ ಒಂದು ಗಳಿಗೆ ನಿಂತ್ರು. ಅಕ್ಕ, ನಾನು ಉಸಿರಾಡ್ಲಿಲ್ಲ. ಆಮೇಲೆ ಮುಂದೆ ಹೋದ್ರು. ಪಕ್ಕದ ಮನೆಗೆ. ಶೆರಿಲ್ ಮನೆಗೆ. ನಂಗೆ ಖುಷಿಯಾಯ್ತು. ದೇವ್ರಾಣೆ ಖುಷಿಯಾಯ್ತು, ಕುಣಿಯೋಷ್ಟು! ಆಮೇಲೆ ವಾಂತಿ ಮಾಡ್ಕೊಂಡೆ.

ಶೆರಿಲ್ ಬಾಗ್ಲು ತೆಗೀಲಿಲ್ಲ. ಒಳಗಡೆ ಮೆಟ್ಟಿಲ ಮೇಲೆ ಕೂತುಬಿಟ್ಲು. ಅವರು ತಟ್ಟಿದ್ರು, ಕಾದ್ರು, ಮತ್ತೆ ತಟ್ಟಿದ್ರು, ಕೊನೆಗೆ ಕಾರಲ್ಲಿ ಹೋಗಿ ಕೂತ್ರು. ಸಂಜೆವರೆಗೂ ಕೂತಿದ್ರು. ನಾನು ಹಿಂದಿನಿಂದ ಹೋಗಿ ನೋಡ್ತೀನಿ, ಅವಳು ಶಾಂತವಾಗಿ ಹೇಳ್ತಾಳೆ, ‘ನಾನು ತೆಗೀದಿದ್ರೆ ಅವರು ಹೇಳೋಕಾಗಲ್ಲ. ಅವರು ಹೇಳೋವರೆಗೂ ಅವನಿಗೇನೂ ಆಗಿಲ್ಲ’ ಅಂತ. ಆವತ್ತು ಹುಚ್ಚು ಅನ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ನಾನೂ ಅದೇ ಮಾಡಿದೆ. ಬುಟ್ಟಿ ಅಲ್ಲೇ ಬಿಸಾಕಿ ಮೇಲಕ್ಕೆ ಓಡಿದೆ. ಬಚ್ಚಲಿಗೆ ಹೋಗಿ ಬಾಗ್ಲು ಹಾಕ್ಕೊಂಡೆ.

ನಮ್ಮ ಬೀದೀಲಿ ಮುಂಬಾಗಿಲು ಅಂದ್ರೆ ಪಾದ್ರಿಗೆ, ಡಾಕ್ಟರಿಗೆ, ಹೆಣಕ್ಕೆ ಅಂತ ಚಿಕ್ಕಂದಿನಲ್ಲಿ ನಂಗೂ ಗೊತ್ತಿತ್ತು. ಮರ್ತೇ ಹೋಗಿತ್ತು ಕಣಕ್ಕ! ಪಾದ್ರಿಗಳ ಜೊತೆ ಬರ್ತಿದೀನಿ, ಅವರನ್ನ ಕಸದ ಬುಟ್ಟಿ ದಾಟಿಸಿ ಹಿಂಬಾಗಿಲಿಂದ ಹೇಗೆ ಕರ್ಕೊಂಡು ಹೋಗ್ಲಿ ಅಂತ ಅಮ್ಮ ಮರ್ಯಾದೆಗೆ ಮುಂದೆ ಬಂದಿದಾಳೆ. ಅವರಿಗೆ ಮರ್ಯಾದೆ, ನಂಗೆ ಸಾವು. ದಿನಾ ಬರೋ ಹಾಗೆ ಹಿಂದಿನಿಂದ ಬಂದು, ‘ಏ ಮೈನಿರ್, ಇನ್ನೂ ಪಾತ್ರೆ ತೊಳ್ದಿಲ್ವೇನೇ’ ಅಂದಿದ್ರೆ… ಆದ್ರೆ ಚಿಲಕ. ಚಿಲಕ ಹಾಕಿದ್ದೆ. ಅದೂ ನಾನೇ.

ಹೊಸ ಪಾದ್ರಿಗಳು ಏನಂದ್ರು? ನೀರಿನ ಸದ್ದು ಕೇಳಿಸ್ತಂತಾ ಅವರಿಗೆ? … ಕೇಳಿಸ್ತು. ಕೇಳಿಸಿರತ್ತೆ. ಎರಡೂ ನಲ್ಲಿ ಬಿಟ್ಟಿದ್ದೆ, ಪೂರ್ತಿ. ತಟ್ಟೋದು ಕೇಳಿಸ್ಬಾರ್ದು ಅಂತ. … ಮತ್ತೆ ಅಮ್ಮ? ಅಮ್ಮ ಏನಂದ್ಲು? … ‘ಮೈನಿರ್ ಮನೇಲಿಲ್ಲ, ಪಾಪ, ಇದ್ದಿದ್ರೆ ಓಡಿ ಬರ್ತಿದ್ಲು’ ಅಂದ್ಲಾ? ಮುರಿದ ಕೈ ಹಿಡ್ಕೊಂಡು ಮಂಜಲ್ಲಿ ಕೂತು ಹಾಗಂದ್ಲಾ? ಅವಳಿಗೂ ನೀರಿನ ಸದ್ದು ಕೇಳಿಸಿರ್ಬೇಕಲ್ಲ. ಕಿವಿ ಚುರುಕು ಅವಳಿಗೆ.

ಅಯ್ಯೋ ಬಿಡು, ಬಿಡು, ಮುಟ್ಬೇಡ ನನ್ನ. ನಾನು ಅಳ್ತಿಲ್ಲ.

ಅಭ್ಯಾಸ ಕಣಕ್ಕ. ಅಷ್ಟೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಆರು ತಿಂಗಳಲ್ಲಿ ಹೋಗತ್ತಾ? ಲೈಬ್ರರೀಲಿ ನಂಬರು ಹೇಳ್ಲಿಲ್ವಾ, ಹಾಗೇ. ಒಲೆ ಉಜ್ಜಲಿಲ್ವಾ, ಹಾಗೇ. ಕಪ್ಪು ಬಟ್ಟೆಯೋರು ಇಬ್ರು ಕಂಡ್ರು, ಕಾಲು ತಾನಾಗೇ ಓಡ್ತು. ಬೇರೆ ಏನೂ ಇಲ್ಲ. ನಾಳೆ ಅಮ್ಮನಿಗೂ ಹೀಗೇ ಹೇಳ್ತೀನಿ, ನಗ್ತಾಳೆ. ‘ಮಿಲಿಟರಿ ಹುಚ್ಚು’ ಅಂತಾಳೆ. ಅವಳಿಗೆ ಆ ಕಾಲ ಮುಗೀತಲ್ಲ, ಅದೇ ದೊಡ್ಡದು. ನಾವು ವಾಪಸ್ ಬಂದ ದಿನ ಅವಳು ಮಾಡಿದ್ದು ಜ್ಞಾಪಕ ಇದ್ಯಾ ನಿಂಗೆ? ಅಡುಗೆಮನೆ ರೇಡಿಯೋ ಎತ್ತಿ ಚರ್ಚಿನ ಹರಾಜಿಗೆ ಕೊಟ್ಟುಬಿಟ್ಲು! ಅಷ್ಟು ವರ್ಷ ಗಂಟೆಗೊಂದ್ಸಲ ವಾರ್ತೆ ಕೇಳಿ, ‘ವೇಲ್ಸಿನ ಒಬ್ಬ ಯೋಧ’ ಅಂತ ಬಂದ್ರೆ ಸಾಕು, ನಾನು ಫೋನ್ ಮಾಡೋವರೆಗೂ ನೀರೂ ಕುಡೀದೆ ಕೂತಿರ್ತಿದ್ಲಂತಲ್ಲ. ನನ್ನ ಕೆನ್ನೆ ಹಿಡ್ಕೊಂಡು ಅಂದ್ಲು, ‘ಇನ್ನು ಪ್ರಪಂಚ ಮುಳುಗಿದ್ರೂ ನಂಗೆ ವಾರ್ತೆ ಬೇಡ ಕಣೇ. ನನ್ನೋರೆಲ್ಲ ಇಲ್ಲೇ ಇದೀರ.’ ಅಂಥೋಳಿಗೆ ನಾನು ಹೇಗೆ… ಅಂಥೋಳಿಗೆ ಯಾರಾದ್ರೂ ಮತ್ತೆ ರೇಡಿಯೋ ತಂದು ಕೊಡ್ತಾರಾ ಹೇಳು?

ಬಿದ್ದಿದ್ದು ಕೇಳಿಸ್ತಾ ಅಂತಾನಾ? … ಕೇಳಿಸ್ತು. ನಲ್ಲಿ ಬಿಟ್ಟಿದ್ರೂ ಕೇಳಿಸ್ತು. ಧೊಪ್ ಅಂತ. ಆಮೇಲೆ ದನಿ. … ಹೌದು, ಅಮ್ಮನ ದನಿ ಅಂತ ಗೊತ್ತಾಯ್ತು. ಗೊತ್ತಾಯ್ತು! ಹೆತ್ತೋಳ ದನಿ ಗೊತ್ತಾಗಲ್ವಾ? ‘ಅಯ್ಯೋ ದೇವ್ರೇ’ ಅಂತ ಒಂದು ಕೂಗು. ನೀನು ಕೇಳೋದು ಸರಿ, ಆಗ್ಲಾದ್ರೂ ಯಾಕೆ ಇಳೀಲಿಲ್ಲ ಅಂತ. ಇಳಿಯೋಕೆ ಆಗ್ಲಿಲ್ಲ ಅಕ್ಕ. ಅವಳ ದನಿ ಕೇಳಿದ ಮೇಲಂತೂ ಆಗ್ಲೇ ಇಲ್ಲ. ಯಾಕಂದ್ರೆ ನಾನು ಅಂದ್ಕೊಂಡೆ, ಇವರು ಅಮ್ಮನ ಮನೆಗೆ ಹೋಗಿದಾರೆ. ನಾನು ಬಾಗ್ಲು ತೆಗೀಲಿಲ್ಲ ಅಂತ ಎದುರುಮನೆಗೆ ಹೋಗಿ ಅವಳಿಗೆ ಹೇಳ್ಬಿಟ್ರು. ಅವಳಿಗೆ ಗೊತ್ತಾಗ್ಹೋಯ್ತು, ಅದಕ್ಕೇ ಹಾಗೆ ಕೂಗ್ತಿದಾಳೆ, ನನ್ನ ಮ…

ಟೀ ಆರಿ ಹೋಯ್ತು ನಿಂದು. ಬೇರೆ ಮಾಡ್ತೀನಿ.

ಎಲ್ಲಿಟ್ಟೆ ಬೆಂಕಿಪೆಟ್ಟಿಗೆ… ಇಲ್ಲೇ ಇತ್ತು. ಅಮ್ಮ ಮತ್ತೆ ಜಾಗ ಬದಲಾಯಿಸಿದಾಳೆ ನೋಡು…

ಅಕ್ಕ.

ಯಾಕೆ ಸುಮ್ನಿದೀಯ? ಕೇಳು. … ಕೇಳ್ಬೇಕಲ್ವಾ ನೀನು? ‘ಡೆಲ್ವಿನ್ ಸೈನ್ಯ ಬಿಟ್ಟು ಹಾಲಿನ ಲಾರಿ ಓಡಿಸ್ತಿದಾನೆ, ಯಾರ ಸುದ್ದಿ ಹೊತ್ಕೊಂಡು ಬರ್ತಾರೆ ನಿನ್ನ ಮನೆಗೆ, ಹುಚ್ಚಿ’ ಅಂತ ಕೇಳ್ಬೇಕು. ಬೇರೆ ಯಾರಾದ್ರೂ ಆಗಿದ್ರೆ ಮೊದ್ಲು ಅದನ್ನೇ ಕೇಳ್ತಿದ್ರು. ನಾನು ಉತ್ತರಾನೂ ಇಟ್ಕೊಂಡಿದೀನಿ, ಅಭ್ಯಾಸ ಅಂತ. ಆವಾಗ್ಲಿಂದ ಕಾಯ್ತಿದೀನಿ. ನೀನು ಕೇಳ್ತಾನೇ ಇಲ್ವಲ್ಲ. … ಯಾರಿಗೋಸ್ಕರ ಹೆದರಿದೆ ಅಂತ ಒಂದ್ಸಲಾನೂ ಕೇಳ್ಲಿಲ್ಲ ನೀನು.

ಕೇಳು ಅಕ್ಕ. ದಯವಿಟ್ಟು ಕೇಳು.

…

ಗೊತ್ತು ನಿಂಗೆ.

ಯಾರು ಹೇಳಿದ್ರು? ಡೆಲ್ವಿನ್ನಾ? ಕುಡಿದು ಬಾಯಿ ಬಿಟ್ನಾ? … ಅಲ್ವಾ? ಮತ್ತೆ ನಮ್ಮಿಬ್ರನ್ನ ಬಿಟ್ರೆ ಯಾರಿಗೂ… … ಅವನೇನಾ? ಯೆಸ್ಟಿನ್ನೇ? ಅಲ್ಲಿಂದ್ಲೇ ಫೋನ್ ಮಾಡಿದ್ನಾ? ಅಮ್ಮನಿಗೆ! ವಾರಕ್ಕೆ ಅರ್ಧ ಗಂಟೆ ಕೊಡ್ತಾರೆ ಮಾತಾಡೋಕೆ, ಅದ್ರಲ್ಲಿ ಅಜ್ಜಿಗೆ… ಕತ್ತೆ. ಕತ್ತೆ ನನ್ಮಗ. ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದೇ ಅವನು!

ಹೌದು. ಎಣ್ಣೆ ಬಾವಿ ಇಲ್ಲ, ಸ್ಕಾಟ್ಲೆಂಡ್ ಇಲ್ಲ. ಅವನ ಅಪ್ಪನ ಪಲ್ಟನ್ನೇ ಸೇರಿದ. ಅಫ್ಘಾನಿಸ್ತಾನದಲ್ಲಿದಾನೆ. ಹೋಗುವಾಗ ಬಾಗ್ಲಲ್ಲಿ ನಿಂತು, ‘ಅಜ್ಜಿಗೆ ಹೇಳ್ಬೇಡಮ್ಮ, ಬಂದ ಮೇಲೆ ನಾನೇ ಹೇಳ್ತೀನಿ’ ಅಂದ. ನಾನು ಅವನ ಅಪ್ಪನಿಗೆ ಬೈದೆ, ಅವನಿಗೆ ಬೈದೆ, ಬೂಟು ಅಡಗಿಸಿಟ್ಟೆ. ಏನಾಯ್ತು? ಹೋದ. ಗಂಡ ಹೋಗೋದು ಒಂಥರಾ ಅಕ್ಕ, ಅದಕ್ಕೆ ಒಗ್ಗಿಕೊಂಡಿದ್ದೆ. ಮಗ ಹೋಗೋದಿದ್ಯಲ್ಲ… ಅಲ್ಲಿ ಕ್ವಾರ್ಟರ್ಸಲ್ಲಾದ್ರೆ ಅಳ್ಬಹುದಿತ್ತು. ಎಲ್ಲರೂ ಅಳೋರೇ. ಇಲ್ಲಿ ಭಾನುವಾರ ಊಟಕ್ಕೆ ಕೂತು, ನಿಮ್ಮೆಲ್ಲರ ನಡುವೆ, ನಗ್ತಾ ಆಲೂಗಡ್ಡೆ ಬಡಿಸ್ಬೇಕು.

ತಡಿ. ನಿನ್ನೆ! 

ನಿನ್ನೆ ಊಟದಲ್ಲಿ ಅಮ್ಮ ಕೇಳಿದ್ಲಲ್ಲ, ‘ಸಮುದ್ರದಲ್ಲಿ ಚಳಿ ಹೇಗಿದ್ಯಂತೇ ಅವನಿಗೆ?’ ಅಂತ! ಆಗ್ಲೇ ಗೊತ್ತಿತ್ತಾ ಅವಳಿಗೆ? … ಗೊತ್ತಿತ್ತು. ನಾನು ಗಾಳಿ ಜಾಸ್ತಿಯಂತೆ, ಮೀನೇ ತಿನ್ನೋಕೆ ಕೊಡ್ತಾರಂತೆ ಅಂತ ಕತೆ ಹೊಡೀತಿದ್ರೆ ಕೇಳಿಸ್ಕೊಂಡು ಕೂತಿದ್ಲು. ನನ್ನ ಮುಖಾನೇ ನೋಡ್ತಾ. ಆಮೇಲೆ ನನ್ನ ತಲೆ ಸವರಿದ್ಲು. ಎಲ್ಲರೆದುರಿಗೆ, ಮಗು ಥರ. ನಾನಂದ್ಕೊಂಡೆ, ಏನಪ್ಪಾ ಇವತ್ತು ಇಷ್ಟು ಪ್ರೀತಿ ಅಂತ. ಪರೀಕ್ಷೆ ಮಾಡ್ತಿದ್ಲಾ ನನ್ನ? ಎಷ್ಟು ಸುಳ್ಳು ಹೇಳ್ತಾಳೆ ನೋಡೋಣ ಅಂತ? … ಅಲ್ವಾ? ಮತ್ತೇನು? ತಲೆ ಅಲ್ಲಾಡಿಸ್ಬೇಡ, ಬಾಯಿ ಬಿಟ್ಟು ಹೇಳು. … ಅಳ್ತಾ ಇದೀಯಾ? ನೀನ್ಯಾಕೆ ಅಳ್ತೀಯ?

ನಂಬಿಬಿಟ್ಲಾ?

ನಾನು ಹೇಳಿದ್ದನ್ನ ನಂಬಿಬಿಟ್ಲಾ ಅಕ್ಕ? ಅಂದ್ರೆ… ಸಮುದ್ರ, ಎಣ್ಣೆ, ಮೀನು, ಎಲ್ಲ ನಾನೂ ನಿಜ ಅಂತಾನೇ ತಿಳ್ಕೊಂಡಿದೀನಿ ಅಂತ? ಅವನು ನಂಗೂ ಸುಳ್ಳು ಹೇಳಿ ಹೋಗಿದಾನೆ, ಪಾಪ ಇವಳಿಗೇನೂ ಗೊತ್ತಿಲ್ಲ ಅಂತ? … ಅಷ್ಟು ಚೆನ್ನಾಗಿ ಹೇಳಿದ್ನಾ ನಾನು?

ಅದಕ್ಕಾ ಪಾದ್ರಿಗಳು. ಒಬ್ಬಳೇ ಹೇಳೋಕೆ ಧೈರ್ಯ ಬರ್ದೆ, ನಾನು ಕುಸಿದುಬಿಟ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತ, ಎದ್ದು ಕಪ್ಪು ಕೋಟು ಹಾಕ್ಕೊಂಡು, ಅವರನ್ನ ಕರ್ಕೊಂಡು…

ಅಕ್ಕ, ಅಮ್ಮ ಹೇಳೋಕೆ ಬಂದಿದ್ಲಾ? ನನ್ನ ಮಗ ಯುದ್ಧಕ್ಕೆ ಹೋಗಿದಾನೆ ಅಂತ ನಂಗೆ ಹೇಳೋಕೆ ಬಂದು ಬಿದ್ಲಾ?